ಕುರ್ಚಿ ಸಮೇತ ಡಾಕ್ಟರನ್ನು ಎತ್ತಿದವನು

ದೊಡ್ಡಮ್ಮ ಅವನನ್ನು ಮೊದಲು ಕಂಡ ದಿನ ಅವನು ಇನ್ನೊಬ್ಬನ ತಲೆಯನ್ನು ಅವಳ ಒಗೆಯುವ ತೊಟ್ಟಿಗೆ ಅದ್ದಿ ಹಿಡಿದಿದ್ದ.

ಕಸಾಯಿಖಾನೆಯ ಹಿಂದಿನ ಒಗೆಯುವ ಕೋಣೆಯಲ್ಲಿ ಅವಳಿಗೆ ಅದು ಮೊದಲ ದಿನ. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆಂದು ಬಂದು ಸೇರಿದವಳು. ಕೊಯ್ಯುವವರ ಕೋಟು, ಏಪ್ರನ್ನು, ಚೂರಿ ಒರೆಸುವ ಬಟ್ಟೆ ಎಲ್ಲವೂ ಅವಳ ಪಾಲಿಗೆ. ರಕ್ತದ ಬಟ್ಟೆಗೆ ಬಿಸಿನೀರು ತೋರಿಸಿದರೆ ಕಲೆ ಅಲ್ಲೇ ಬೇರು ಬಿಡುತ್ತದೆ. ಮೊದಲು ತಣ್ಣೀರಿನಲ್ಲಿ ನೆನೆಯಬೇಕು. ಅವಳು ತೊಟ್ಟಿ ತುಂಬಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಬಾಗಿಲು ದಡಾರನೆ ಗೋಡೆಗೆ ಬಡಿಯಿತು. ಬಾಗಿಲಿನಷ್ಟೇ ಅಗಲದ ಒಬ್ಬ ಗಂಡಸು, ಕಂಕುಳಲ್ಲಿ ಇನ್ನೊಬ್ಬನ ಕುತ್ತಿಗೆಯನ್ನು ಇರುಕಿಕೊಂಡು, ನೇರ ತೊಟ್ಟಿಯ ಹತ್ತಿರ ಬಂದು ಆ ತಲೆಯನ್ನು ನೀರೊಳಗೆ ಅದುಮಿದ.

“ಮೊಂಡು ಚೂರಿ ಹಿಡ್ಕೊಂಡು ಕೆಲಸಕ್ಕೆ ಬರ್ತೀಯಾ? ಅರ್ಧ ಕೊಯ್ದ ಕತ್ತಲ್ಲಿ ಆ ಪ್ರಾಣಿ ಒದ್ದಾಡ್ತಿದ್ರೆ ಬಾಯಿ ಬಿಟ್ಕೊಂಡು ನೋಡ್ತೀಯಾ? ಉಸಿರು ಕಟ್ಟಿದ್ರೆ ಹೇಗಿರುತ್ತೆ? ನೋಡು, ನೀನೂ ನೋಡು!”

ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದವು. ಮುಳುಗಿದವನ ಕಾಲುಗಳು ನೆಲವನ್ನು ಒದೆಯುತ್ತಿದ್ದವು. ದೊಡ್ಡಮ್ಮ ಬಟ್ಟೆ ಬಡಿಯುವ ಮರದ ಕೋಲು ತೆಗೆದುಕೊಂಡು ಆ ದೊಡ್ಡ ಮೊಣಕೈಗೆ ಒಂದು ಬಿಟ್ಟಳು.

“ಕೊಲ್ಲೋದಾದ್ರೆ ಆಚೆ ಚರಂಡಿಗೆ ಎಳ್ಕೊಂಡು ಹೋಗಿ ಕೊಲ್ಲಪ್ಪ. ಈ ನೀರು ಈಗ ತಾನೇ ತುಂಬಿಸಿದ್ದು.”

ಅವನು ತಿರುಗಿ ನೋಡಿದ. ಕೈ ಸಡಿಲವಾಯಿತು. ಮುಳುಗಿದ್ದವನು ಕೆಮ್ಮುತ್ತಾ, ಕಾರುತ್ತಾ, ಬಾಗಿಲು ಹಿಡಿದು ಓಡಿದ. ಇವನು ಮೊಣಕೈ ಉಜ್ಜಿಕೊಂಡು ನಕ್ಕ.

“ಒಳ್ಳೆ ಏಟು ದೊಡ್ಡಮ್ಮ. ಮೇಸ್ತ್ರಿಗೆ ಹೇಳಿ ಒಳಗೆ ಹೊಡೆಯೋ ಕೆಲಸಕ್ಕೇ ಹಾಕಿಸ್ತೀನಿ ನಿಮ್ಮನ್ನ.”

ಕೊಳಕಾದ ನೀರನ್ನು ಅವನೇ ಚೆಲ್ಲಿ, ಎರಡು ಕೈಯಲ್ಲಿ ಎರಡು ಡಬ್ಬ ಹಿಡಿದು ಮತ್ತೆ ತುಂಬಿಸಿಕೊಟ್ಟು ಹೋದ. ಅಂದಿನಿಂದ ಅವಳು ಅಲ್ಲಿದ್ದವರಿಗೆಲ್ಲ ದೊಡ್ಡಮ್ಮ.

ಅವನನ್ನು ಎಲ್ಲರೂ ಗೂಳಿ ಎಂದು ಕರೆಯುತ್ತಿದ್ದರು. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು. ಸಿಟ್ಟು ಬರದ ದಿನ ಕಡಿಮೆ. ಚೂರಿ ಮಸೆದ ಮೇಲೆ ಎಡಗೈಯ ರೋಮದ ಮೇಲೆ ಎಳೆದು ನೋಡುವ ಚಾಳಿ ಅವನದು, ಹಾಗಾಗಿ ಆ ಮುಂಗೈ ಯಾವಾಗಲೂ ಮಗುವಿನ ಕೆನ್ನೆಯಂತೆ ಬೋಳು. ಪ್ರಾಣಿಯನ್ನು ಒದೆಯುತ್ತಿರಲಿಲ್ಲ, ಬಾಲ ತಿರುಚುತ್ತಿರಲಿಲ್ಲ. ಒಂದೇ ಎಳೆತಕ್ಕೆ ಮುಗಿಸುತ್ತಿದ್ದ. ಮನುಷ್ಯರ ವಿಷಯದಲ್ಲಿ ಅಷ್ಟು ತಾಳ್ಮೆ ಇರಲಿಲ್ಲ. ಬೀದಿಯಲ್ಲಿ ಯಾರದ್ದಾದರೂ ಮೂಗು ಮುರಿದಿದೆ ಎಂದರೆ ಪೊಲೀಸರು ಮೊದಲು ಅವನ ಬಾಗಿಲು ತಟ್ಟುತ್ತಿದ್ದರು, ಸಾಮಾನ್ಯವಾಗಿ ಅದು ಸರಿಯಾದ ಬಾಗಿಲೇ ಆಗಿರುತ್ತಿತ್ತು. ಆಮೇಲೆ ದೊಡ್ಡಮ್ಮ ಬಾಡಿಗೆಗೆ ಹಿಡಿದ ಕೋಣೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಪಾತ್ರೆ ಹಾರಿದರೆ ಈ ಕಡೆ ಗೋಡೆಯ ಸುಣ್ಣ ಉದುರುತ್ತಿತ್ತು.

ಕಸಾಯಿಖಾನೆಯ ಗೇಟಿನಲ್ಲಿ ಒಂದು ಪದ್ಧತಿ ಇತ್ತು. ಹೊಸಬ ಬಂದರೂ, ಜ್ವರ ಬಿಟ್ಟು ಹಳಬ ಬಂದರೂ, ಮೇಸ್ತ್ರಿ ನೆಲದ ಮೇಲೆ ಇಟ್ಟ ಅರ್ಧ ದನದ ಹೋಳು ತೋರಿಸಿ “ಎತ್ತು” ಎನ್ನುತ್ತಿದ್ದ. ಅದನ್ನು ಹೆಗಲಿಗೇರಿಸಿ ಕೊಕ್ಕೆಗೆ ತಗುಲಿಸಿದವನು ಒಳಗೆ, ತಗುಲಿಸಲಾರದವನು ಮನೆಗೆ. ಏಕೆ, ಏನು ಎಂದು ಯಾರೂ ಕೇಳುವಂತಿಲ್ಲ. ಎತ್ತಲಾರದೆ ನಿಂತವನ ಬೆನ್ನ ಹಿಂದೆ ಒಳಗಿನವರೆಲ್ಲ ಚೂರಿಯಿಂದ ಮಸೆಯುವ ಕಂಬಿಗೆ ಟಣಟಣ ಬಡಿಯುತ್ತಿದ್ದರು. ಆ ಸದ್ದು ಕೇಳಿಸಿಕೊಂಡು ಹೋದವನು ಮತ್ತೆ ಆ ಬೀದಿಗೆ ಮುಖ ಹಾಕುತ್ತಿರಲಿಲ್ಲ. ಗೂಳಿ ಹುಡುಗನಾಗಿದ್ದಾಗಿನಿಂದ ಆ ಒಂದು ಮಾತಿಗೆ ಪಳಗಿದವನು. ಎತ್ತು ಎಂದರೆ ಎತ್ತುವುದು, ಅಷ್ಟೇ.

ಅನಾಹುತ ಆದ ದಿನ ದೊಡ್ಡಮ್ಮ ಒಗೆದ ಕೋಟುಗಳ ಕಟ್ಟು ಹೊತ್ತು ಕೊಯ್ಯುವ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಮೇಲಿನ ಕಂಬಿಯಲ್ಲಿ ಕೊಕ್ಕೆಗಳು ಸಾಲಾಗಿ ಹರಿದು ಬರುತ್ತಿದ್ದವು. ಹಿಂಗಾಲಿಗೆ ಸರಪಳಿ ಬಿಗಿದು ಏರಿಸಿದ್ದ ದೊಡ್ಡ ಹೋರಿಯೊಂದು ಸತ್ತಿರಲಿಲ್ಲ. ಅದು ಒಮ್ಮೆ ಝಾಡಿಸಿತು. ಸರಪಳಿ ಕಿತ್ತು ಬಂತು. ಅಷ್ಟೂ ಭಾರ ಗೂಳಿಯ ಬಲಹೆಗಲ ಮೇಲೆ ಬಿತ್ತು, ಅವನು ತೂರಾಡಿ ಹಿಂದಕ್ಕೆ ಹೋದ, ಹಿಂದಿನಿಂದ ಬರುತ್ತಿದ್ದ ಖಾಲಿ ಕೊಕ್ಕೆ ಕಂಕುಳ ಕೆಳಗೆ ಹೊಕ್ಕು ಹೆಗಲ ಮುಂದೆ ಹೊರಟಿತು. ಸಾಲು ನಿಲ್ಲಲಿಲ್ಲ. ಅವನು ಕೊಕ್ಕೆಗೆ ಜೋತು ಬಿದ್ದು, ಕಾಲ್ಬೆರಳು ನೆಲ ಗೀರುತ್ತಾ, ಸುಲಿದ ಮೈಗಳ ನಡುವೆ ತಾನೂ ಒಂದಾಗಿ ಹರಿದು ಹೋದ. ಬಾಯಿಂದ ಒಂದು ಸದ್ದಿಲ್ಲ. ಸಾಲು ನಿಲ್ಲಿಸುವ ಕೆಂಪು ಗುಂಡಿ ಮೇಸ್ತ್ರಿಯ ಕೈಯಳತೆಯಲ್ಲೇ ಇತ್ತು. ಸಾಲು ನಿಂತರೆ ಮೇಲಿನವರು ಮೇಸ್ತ್ರಿಯನ್ನು ಕೇಳುತ್ತಾರೆ. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ.

“ಒತ್ತೋ ಪಾಪಿ, ಒತ್ತೋ!” ಎಂದು ಕಿರುಚಿದವಳು ದೊಡ್ಡಮ್ಮ. ಕಟ್ಟು ಎಸೆದು ಓಡಿಹೋಗಿ ಅವಳೇ ಗುಂಡಿಯ ಮೇಲೆ ಬಿದ್ದಳು.

ಇಳಿಸಿದಾಗ ಅವನ ಕೋಟು ಕೆಂಪಲ್ಲ, ಕಪ್ಪಾಗಿತ್ತು. ಕಣ್ಣು ಬಿಟ್ಟೇ ಇದ್ದ. “ಈ ಕಲೆ ಈ ಸಲ ಹೋಗಲ್ಲ ದೊಡ್ಡಮ್ಮ, ನೆನೆಹಾಕ್ಬೇಡಿ” ಎಂದ.

ಮಾಂಸ ಕೂಡಿತು, ನರ ಕೂಡಲಿಲ್ಲ. ಬಲಗೈ ಎದೆಯ ಮಟ್ಟಕ್ಕೆ ಬಂದರೆ ಬಂತು, ಇಲ್ಲದಿದ್ದರೆ ಒದ್ದೆ ಟವೆಲಿನಂತೆ ಜೋತಾಡುತ್ತಿತ್ತು. ಬೆರಳುಗಳಿಗೆ ಬಿಸಿ ಯಾವುದು, ತಣ್ಣಗಿನದು ಯಾವುದು ತಿಳಿಯುತ್ತಿರಲಿಲ್ಲ. ಕೆಲಸ ಹೋಯಿತು. ಹೆಂಡತಿ ಚೀಲ ಹೊಲಿದು ತರುವುದರಲ್ಲಿ ಇಬ್ಬರ ಹೊಟ್ಟೆಯೂ ಅರ್ಧ ತುಂಬುತ್ತಿತ್ತು. ಅಂಗವಿಕಲ ಪಿಂಚಣಿಗೆ ಬರೆದುಹಾಕಿದರು. ಮೆಡಿಕಲ್ ಬೋರ್ಡಿನ ಮುಂದೆ ಬಂದು ತೋರಿಸಿಕೊಳ್ಳಬೇಕೆಂದು ಕರೆ ಬಂತು. ಆ ದಿನ ಹೆಂಡತಿ ಅವನಿಗೆ ಒಗೆದ ಅಂಗಿ ತೊಡಿಸಿ, ಗುಂಡಿ ಹಾಕಿ, ತಲೆ ಬಾಚಿ ಕಳಿಸಿದಳು.

ಸಂಜೆ ಅವನು ಗೋಡೆ ಹಿಡಿದುಕೊಂಡು ಮರಳಿದ. ಮುಖ ಸುಣ್ಣ. ದೊಡ್ಡಮ್ಮನೂ ಕೇಳಲು ಬಂದಳು.

“ಏನಂದ್ರು?” ಎಂದಳು ಹೆಂಡತಿ.

“ಎತ್ತು ಅಂದ್ರು.”

“ಏನನ್ನ?”

“ಕುರ್ಚಿ. ಎದುರಿಗಿದ್ದಿದ್ದು ಒಂದೇ ಕುರ್ಚಿ. ಡಾಕ್ಟರು ಅದರ ಮೇಲೇ ಕೂತಿದ್ರು.”

“ಹಾಗಾದ್ರೆ?”

“ಎತ್ತಿದೆ.”

ಮೂಲೆಯಲ್ಲಿ ಇನ್ನೊಂದು ಬರಿ ಕುರ್ಚಿ ಇತ್ತಂತೆ, ಡಾಕ್ಟರು ತೋರಿಸಿದ್ದು ಅದನ್ನು. ಇವನಿಗೆ ಕಂಡದ್ದು ಬಿಳಿ ಕೋಟು, ಕಿವಿಗೆ ಬಿದ್ದದ್ದು ಮೇಸ್ತ್ರಿಯ ಮಾತು. ಎಡಹೆಗಲನ್ನು ಕುರ್ಚಿಯ ಕೆಳಗೆ ಕೊಟ್ಟು, ಹೋಳು ಎತ್ತುವ ಹಾಗೆ ತೊಡೆಯ ಬಲದಲ್ಲಿ ಎದ್ದು, ಕನ್ನಡಕದ ಡಾಕ್ಟರನ್ನು ಫ್ಯಾನಿನ ಹತ್ತಿರಕ್ಕೆ ಮುಟ್ಟಿಸಿ ಇಳಿಸಿದ. ಡಾಕ್ಟರು ಬಿಳಿಚಿಕೊಂಡು “ಭಾರ ಎತ್ತಲು ಸಮರ್ಥ” ಎಂದು ಬರೆದು ಕಳಿಸಿದರು. ಮೆಟ್ಟಿಲಿಳಿಯುವಾಗ ಗೂಳಿ ನೋವಿಗೆ ಎರಡು ಸಲ ವಾಂತಿ ಮಾಡಿಕೊಂಡ.

ಹೆಂಡತಿ ಕೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಶುರುವಾಯಿತು.

“ಮನೇಲಿ ನೀರಿನ ಬಕೆಟ್ಟು ಎತ್ತಕ್ಕಾಗಲ್ಲ, ಡಾಕ್ಟರನ್ನ ಎತ್ತಿದಾರೆ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಜೊತೆಗೆ ಅಲ್ಲಿದ್ದ ನರ್ಸನ್ನೂ ಎತ್ಕೊಂಡು ಬರ್ಬೇಕಿತ್ತು!”

“ಎತ್ತು ಅಂದ್ರೆ ಎತ್ತಬೇಕು ಕಣೇ. ಎತ್ತದೆ ಇರೋದನ್ನ ನಂಗೆ ಯಾರು ಕಲಿಸಿದ್ರು?”

“ಕಲೀರಿ ಈಗ! ಕೈಲಾಗಲ್ಲ ಅನ್ನೋಕೆ ಕಲೀರಿ!”

ಅವನು ಎಡಗೈಯಲ್ಲಿ ಕೆನ್ನೆಗೆ ಬಾರಿಸಿದ. ಅವಳು ಬಿದ್ದವಳು ಎದ್ದು ಆ ಕೈಯನ್ನೇ ಹಿಡಿದು ಹೆಬ್ಬೆರಳ ಬುಡಕ್ಕೆ ಹಲ್ಲೂರಿದಳು. ಅವನು ಝಾಡಿಸಿದರೂ ಬಿಡಲಿಲ್ಲ. ಇಬ್ಬರೂ ಉರುಳಿ ಮೇಜು ಮುರಿಯಿತು, ದೀಪ ಒಡೆಯಿತು. ದೊಡ್ಡಮ್ಮ ಬಕೆಟ್ಟಿನ ನೀರನ್ನು, ಕಚ್ಚಾಡುವ ನಾಯಿಗಳ ಮೇಲೆ ಸುರಿಯುವ ಹಾಗೆ, ಇಬ್ಬರ ಮೇಲೂ ಸುರಿದಳು.

“ನೀನು ಅವಳ ಮೇಲೆ ಇನ್ನೊಂದು ಸಲ ಕೈ ಎತ್ತಿದ್ರೆ, ಉಳಿದಿರೋ ಆ ಕೈಯನ್ನೂ ಇದೇ ಕೋಲಲ್ಲಿ ಮುರೀತೀನಿ. ಆಮೇಲೆ ಪಿಂಚಣಿಗೆ ಯಾರೂ ತಕರಾರು ಮಾಡಲ್ಲ.”

ಒದ್ದೆಯಾಗಿ ನೆಲದ ಮೇಲೆ ಕೂತಿದ್ದ ಹೆಂಡತಿಗೆ ಅಳುವಿನ ನಡುವೆ ನಗು ಬಂತು. ಗೂಳಿ ನಗಲಿಲ್ಲ.

ಪಿಂಚಣಿ ಇಲ್ಲ ಎಂದು ಕಾಗದ ಬಂದ ದಿನ ಅವನು ಒಬ್ಬನೇ ಆಫೀಸಿಗೆ ಹೋದ. ಕಿಟಕಿಯ ಹಿಂದಿನ ಗುಮಾಸ್ತ ತಲೆ ಎತ್ತದೆ, “ಓ, ಕುರ್ಚಿ ಪೈಲ್ವಾನ! ಇನ್ನೊಂದು ಸಲ ಎತ್ತಿ ತೋರಿಸ್ತೀರಾ? ಇವತ್ತು ದೊಡ್ಡ ಸಾಹೇಬರೂ ಬಂದಿದಾರೆ” ಎಂದನಂತೆ. ಗೂಳಿ ಕಿಟಕಿಯ ಗಾಜಿನ ಕೆಳಗಿನ ಕಂಡಿಯಲ್ಲಿ ಎಡಗೈ ತೂರಿಸಿ ಅವನ ಕೊರಳ ಟೈ ಹಿಡಿದು ಎಳೆದ. ಗಾಜಿಗೆ ಮುಖ ಬಡಿಯಿತು. ಮತ್ತೆ ಎಳೆದ. ಗಾಜು ಒಡೆಯುವವರೆಗೂ ಎಳೆದ. ಗುಮಾಸ್ತನ ಹಲ್ಲು ಮೇಜಿನ ಮೇಲೆ ಬಿದ್ದವು.

ಠಾಣೆಯಲ್ಲಿ ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬಡಿದರು. ಲಾಠಿ ಬಿದ್ದದ್ದು ಹೆಚ್ಚಾಗಿ ಬಲಹೆಗಲಿಗೆ. ಆ ಜಾಗ ಕೆಟ್ಟಿದೆ, ಬೇರೆ ಕಡೆ ಹೊಡೆಯಿರಿ ಎಂದು ಅವನು ಹೇಳಲಿಲ್ಲ. ಬಿಡಿಸಿಕೊಂಡು ಬಂದ ಹೆಂಡತಿ ಅವನ ಬೆನ್ನಿಗೆ ಎಣ್ಣೆ ಸವರುತ್ತಾ, “ಬಿದ್ದರೂ ಮೀಸೆ ಮಣ್ಣಾಗಿಲ್ಲ ನೋಡಿ ದೊಡ್ಡಮ್ಮ ಈ ಜಟ್ಟಿದು” ಎಂದು ಬಿಕ್ಕಿದಳು.

ಕೋರ್ಟಿಗೆ ಹೋಗೋಣ ಎಂದವಳು ಅವಳೇ. ಕೆಮ್ಮುವ, ಕಡ್ಡಿಯಂಥ ಒಬ್ಬ ಲಾಯರಮ್ಮ ಸಿಕ್ಕಳು. ಅವಳು ಇವರ ಮನೆಯ ಮುರಿದ ಮೇಜಿನ ಎದುರು ಕೂತು ಎಲ್ಲ ಕೇಳಿಸಿಕೊಂಡು ಹೇಳಿದಳು: “ನೋಡಿ, ನಿಮಗೆ ಕಷ್ಟದ ಕೆಲಸ ಏನೂ ಇಲ್ಲ. ಜಡ್ಜ್ ಸಾಹೇಬರ ಮುಂದೆ ನಿಂತು ಒಂದು ಮಾತು ಹೇಳಬೇಕು. ಆ ಕುರ್ಚಿನ ತೊಡೆ ಬಲದಲ್ಲಿ ಎತ್ತಿದೆ, ಈ ಕೈಯಿಂದ ಏನೂ ಆಗಲ್ಲ, ಅಂತ.”

“ಕೇಳೋಕೆ ಯಾರ್ಯಾರು ಬರ್ತಾರೆ?”

“ಆಫೀಸಿನವರು ನಿಮ್ಮ ಮೇಸ್ತ್ರಿನ ಸಾಕ್ಷಿ ಹಾಕಿದಾರೆ. ಕೆಲಸದವರೂ ಬರಬಹುದು.”

“ಅದೊಂದು ಬಿಟ್ಟು ಏನು ಬೇಕಾದ್ರೂ ಹೇಳ್ತೀನಿ.”

ಲಾಯರಮ್ಮ ದೊಡ್ಡಮ್ಮನ ಕಡೆ ನೋಡಿದಳು. “ಹಾಗಾದ್ರೆ ನೀವು ಹೇಳ್ತೀರಾ? ಗೋಡೆ ಪಕ್ಕದವರು. ಕಂಡಿದ್ದನ್ನ ಹೇಳಿದ್ರೆ ಸಾಕು.”

ಲಾಯರಮ್ಮ ಹೋದ ಮೇಲೆ ಗೂಳಿ ಬಾಗಿಲಿಗೆ ಅಡ್ಡ ನಿಂತ. “ಮನೆಯೊಳಗಿನದ್ದು ಕೋರ್ಟಲ್ಲಿ ಬಂದ್ರೆ ನಿಮ್ಮ ಕುತ್ತಿಗೆ ಇರಲ್ಲ ದೊಡ್ಡಮ್ಮ.”

“ಈ ಕುತ್ತಿಗೇಲಿ ಇನ್ನೇನಿದೆಯಪ್ಪ, ಬರೀ ಮೂಳೆ. ನಿನ್ನ ಚೂರಿ ಮೊಂಡಾಗುತ್ತೆ. ದಾರಿ ಬಿಡು, ಒಲೆ ಮೇಲೆ ಅನ್ನ ಇಟ್ಟು ಬಂದಿದ್ದೀನಿ.”

ಕೋರ್ಟಿನ ಕೋಣೆ ಚಿಕ್ಕದು. ಮುಂದೆ ಮರದ ಕಟಕಟೆ, ಅದಕ್ಕೆ ಎರಡು ಕಲ್ಲು ಮೆಟ್ಟಿಲು. ಹಿಂದಿನ ಬೆಂಚುಗಳಲ್ಲಿ ಕಸಾಯಿಖಾನೆಯವರು ಸಾಲಾಗಿ ಕೂತಿದ್ದರು. ಮೇಸ್ತ್ರಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಸಾಕ್ಷಿ ನುಡಿದ: “ಅವನಿಗೇನಾಗಿದೆ ಸ್ವಾಮಿ? ಗುಂಡುಕಲ್ಲಿನ ಹಾಗಿದಾನೆ. ಮೊನ್ನೆ ಗುಮಾಸ್ತರ ಹಲ್ಲುದುರಿಸಿದ್ದು ಯಾರು? ಎಲ್ಲ ನಾಟಕ.” ಸಾಲು ಯಾಕೆ ನಿಲ್ಲಿಸಲಿಲ್ಲ ಎಂದು ಲಾಯರಮ್ಮ ಕೇಳಿದ್ದಕ್ಕೆ, ತಾನು ತಕ್ಷಣ ನಿಲ್ಲಿಸಿದೆ ಎಂದು ಎದೆ ಮುಟ್ಟಿಕೊಂಡ.

ಗೂಳಿಯನ್ನು ಕರೆದರು. ಆಫೀಸಿನ ಕಡೆಯ ಲಾಯರು ಕೇಳಿದ: “ಡಾಕ್ಟರನ್ನು ಎತ್ತಿದ್ದು ನಿಜ ತಾನೇ?”

“ನಿಜ.”

“ಈಗಲೂ ಎತ್ತಬಲ್ಲಿರಾ? ನಾನು ಸ್ವಲ್ಪ ದಪ್ಪ.”

ಬೆಂಚುಗಳು ನಕ್ಕವು. ಗೂಳಿಯ ದವಡೆ ಬಿಗಿಯಿತು. ಲಾಯರಮ್ಮ ಕಣ್ಣಲ್ಲೇ ಬೇಡಿದಳು. ಹೆಂಡತಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ಹೇಳಿದರೆ ಇಬ್ಬರ ಹೊಟ್ಟೆಗೆ ಸಾಯುವವರೆಗೆ ಅನ್ನ, ಹೇಳದಿದ್ದರೆ ಬೀದಿ. ಅವನು ಹಿಂದಿನ ಬೆಂಚುಗಳನ್ನು ನೋಡಿ, “ಎತ್ತಬಲ್ಲೆ” ಎಂದ.

ಆಮೇಲೆ ದೊಡ್ಡಮ್ಮನ ಸರದಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬ ಗಾದೆ ಅವಳಿಗೂ ಗೊತ್ತಿತ್ತು. ಅವಳು ಕಟಕಟೆಯ ಮರ ಹಿಡಿದು, ಜಡ್ಜರನ್ನು ಬಿಟ್ಟು ಬೇರೆ ಯಾರನ್ನೂ ನೋಡದೆ, ಬಟ್ಟೆ ಹಿಂಡುವ ಹಾಗೆ ನಿಧಾನವಾಗಿ ಹೇಳಿದಳು.

“ಗುಂಡಿ ಒತ್ತಿದ್ದು ಮೇಸ್ತ್ರಿ ಅಲ್ಲ ಸ್ವಾಮಿ, ನಾನು. ಇವನು ತುತ್ತು ಎಡಗೈಯಲ್ಲಿ ತಿಂತಾನೆ. ಅದಕ್ಕೆ ರೂಢಿ ಇಲ್ಲ, ಅಂಗಿ ಮೇಲೆಲ್ಲ ಬೀಳುತ್ತೆ. ಆ ಅಂಗಿ ಒಗೆಯೋಳು ನಾನು. ಅಂಗಿ ಗುಂಡಿ ಹಾಕೋದು ಹೆಂಡ್ತಿ. ಚಡ್ಡಿ ಲಾಡಿ ಕಟ್ಟೋದೂ ಅವಳೇ. ಅವಳು ಚೀಲದ ಕೆಲಸಕ್ಕೆ ಹೋದಾಗ ಇವನು ಒಂದೇ ಕೈಲಿ ಲಾಡಿ ಗಂಟು ಬಿಚ್ಚಕ್ಕಾಗದೆ ಒಂದೊಂದು ದಿನ ಬಟ್ಟೇಲೇ ಮಾಡ್ಕೋತಾನೆ. ಅದನ್ನ ಗೋಡೆ ಸಂದೀಲಿ ಬಚ್ಚಿಡ್ತಾನೆ. ನಾನು ತೆಗೆದು ಒಗೆದು ಒಣಗಿಸಿ ಅಲ್ಲೇ ಇಟ್ಟು ಬರ್ತೀನಿ. ಇದುವರೆಗೂ ಇಬ್ಬರೂ ಅದರ ಮಾತು ಆಡಿಲ್ಲ.”

ಕೋಣೆ ತಣ್ಣಗಾಯಿತು. ಆ ಮೌನದಲ್ಲಿ ಮೇಸ್ತ್ರಿ ಪಕ್ಕದವನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು: “ಗೂಳಿ ಅಲ್ಲವೋ, ಕೂಸು.”

ಗೂಳಿ ಎದ್ದದ್ದನ್ನು ಯಾರೂ ನೋಡಲಿಲ್ಲ, ಹಾರಿದ್ದನ್ನು ನೋಡಿದರು. ಕಟಕಟೆಯ ಪಕ್ಕದಿಂದ, ಅದರ ಮೆಟ್ಟಿಲ ಮೇಲೆ ಹಾಯ್ದು, ಹಿಂದಿನ ಬೆಂಚಿನ ಮೇಸ್ತ್ರಿಯ ಕಡೆ ಒಂದೇ ನೆಗೆತ. ಹುಟ್ಟಿದಾಗಿನಿಂದ ಏಟು ಹೊಡೆದದ್ದು ಬಲಗೈ, ಸಿಟ್ಟು ಬಂದಾಗ ಮೈ ಕರೆದದ್ದೂ ಅದನ್ನೇ. ಹೆಗಲು ಬೀಸಿತು, ಕೈ ಸೊಂಟದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಏಟಿಲ್ಲದ ಏಟಿನ ಹಿಂದೆ ಇಡೀ ಮೈ ಹೋಯಿತು. ಬೀಳುವವನಿಗೆ ಊರಲು ಕೈ ಮುಂದೆ ಬರಲಿಲ್ಲ. ಕಲ್ಲು ಮೆಟ್ಟಿಲಿಗೆ ಬಾಯಿ ಬಡಿದ ಸದ್ದು, ಕೊಡಲಿಯಿಂದ ಮೂಳೆ ಒಡೆದ ಹಾಗೆ.

ಅವನು ಏಳಲು ನೋಡಿದ. ಎಡಗೈ ಮೈಯಡಿಗೆ ಸಿಕ್ಕಿಕೊಂಡಿತ್ತು. ಬಲಗೈ ಊರಿದ, ಅದು ಅವನದೇ ರಕ್ತದಲ್ಲಿ ಜಾರಿ ಮಡಚಿಕೊಂಡಿತು. ಮತ್ತೆ ಊರಿದ. ಮತ್ತೆ ಮುಖ ನೆಲಕ್ಕೆ. ಪೊಲೀಸಿನವನು ಓಡಿಬಂದು ಬೆನ್ನಿಗೆ ಲಾಠಿ ಬೀಸಿದ. ಹೆಂಡತಿ ಅಡ್ಡ ಬಿದ್ದು ಆ ಏಟನ್ನು ತನ್ನ ತೋಳಿಗೆ ತೆಗೆದುಕೊಂಡಳು. ಜಡ್ಜರು ನಿಂತುಕೊಂಡು “ಬಿಡ್ರೀ, ಬಿಡ್ರೀ!” ಎಂದು ಕೂಗಿದರು. ಹಿಂದಿನ ಬೆಂಚಿನಿಂದ ಒಂದು ನಗು ಎದ್ದು, ಅರ್ಧಕ್ಕೇ ನಿಂತಿತು. ಯಾರದೆಂದು ನೋಡಲು ದೊಡ್ಡಮ್ಮ ತಿರುಗಬೇಕಾಗಿರಲಿಲ್ಲ. ಗೇಟಿನಲ್ಲಿ ಬೆಳಗಾದರೆ ಕೇಳುವ ಮೇಸ್ತ್ರಿಯ ನಗು ಅದು.

ಜಡ್ಜರು ತಮ್ಮ ಮೇಜಿನ ಮೇಲಿಂದ ಬಗ್ಗಿದರು. “ಏಳಪ್ಪ. ಎದ್ದು ಕೂತ್ಕೊ.”

ನೆಲಕ್ಕೆ ಒತ್ತಿದ್ದ ಬಾಯಿಂದ, ಮುರಿದ ಹಲ್ಲುಗಳ ನಡುವಿಂದ, ಮಾತು ಬಂತು.

“ಆಗ್ತಿಲ್ಲ ಸ್ವಾಮಿ.”

ಆಮೇಲೆ ಸ್ವಲ್ಪ ಗಟ್ಟಿಯಾಗಿ, “ಈ ಕೈಲಿ ಏನೂ ಆಗಲ್ಲ.”

ಆಫೀಸಿನ ಲಾಯರು ಇದೂ ನಾಟಕವೇ ಎಂದು ಎದ್ದು ನಿಂತ. ಜಡ್ಜರು ಅವನನ್ನು ಕೂರಿಸಿ, ಬೇರೆ ಡಾಕ್ಟರುಗಳಿಂದ ನರ ಪರೀಕ್ಷೆ ಮಾಡಿಸಲು ಅಪ್ಪಣೆ ಕೊಟ್ಟರು. ಹೊಸ ಡಾಕ್ಟರುಗಳು ಯಾರೂ ಎತ್ತು ಎನ್ನಲಿಲ್ಲ. ಸೂಜಿ ಚುಚ್ಚಿ ನೋಡಿದರು. ಬೆರಳ ಸಂದಿಯಿಂದ ರಕ್ತ ಬಂದರೂ ಅವನು ಕಿಟಕಿಯ ಆಚೆ ನೋಡುತ್ತಾ ಕೂತಿದ್ದನಂತೆ, ಚುಚ್ಚಿದ್ದೇ ಗೊತ್ತಾಗದೆ. ಪಿಂಚಣಿ ಮಂಜೂರಾಯಿತು. ಗುಮಾಸ್ತನನ್ನು ಹೊಡೆದದ್ದಕ್ಕೆ ಬೇರೆ ಕೇಸಿನಲ್ಲಿ ಸ್ವಲ್ಪ ಕಾಲ ಜೈಲಿಗೂ ಹೋಗಿ ಬಂದ.

ಕೋರ್ಟಿನ ದಿನದಿಂದ ಅವನು ದೊಡ್ಡಮ್ಮನೊಂದಿಗೆ ಮಾತು ಬಿಟ್ಟಿದ್ದ. ಜೈಲಿನಿಂದ ಬಂದ ಮೇಲೂ ಅಷ್ಟೇ. ಗೋಡೆ ಸಂದಿಯಲ್ಲಿ ಬಟ್ಟೆ ಮಾತ್ರ ಇಡುತ್ತಿದ್ದ, ಅವಳು ಒಗೆದು ಇಡುತ್ತಿದ್ದಳು. ಕಸಾಯಿಖಾನೆಯವರು ಮನೆ ಮುಂದೆ ಹಾಯುವಾಗ ಕೆಲವರು ಚೂರಿಯಿಂದ ಕಂಬಿಗೆ ಟಣಟಣ ಬಡಿಯುತ್ತಿದ್ದರು. ಅವನು ಬಾಗಿಲು ಹಾಕಿಕೊಳ್ಳುತ್ತಿದ್ದ. ಮೊದಲಾಗಿದ್ದರೆ ಅಷ್ಟು ಹೊತ್ತಿಗೆ ಯಾರದ್ದಾದರೂ ಮೂಗು ಮುರಿಯುತ್ತಿತ್ತು. ಒಂದು ದಿನ ಹೆಂಡತಿಯೇ ಆ ಕೆಲಸ ಮಾಡಿದಳು: ಬಡಿಯುತ್ತಾ ಹೋದವನ ತಲೆಗೆ ಕಿಟಕಿಯಿಂದ ಇಟ್ಟಿಗೆ ಬಿಟ್ಟಳು. ಅವನ ತಲೆಗೆ ಹೊಲಿಗೆ ಬಿದ್ದ ಮಾರನೆಯ ದಿನವೇ ಅವಳು ತನ್ನ ಅಕ್ಕನ ಊರಿಗೆ ಹೊರಡುವ ತೀರ್ಮಾನ ಮಾಡಿದಳು. “ಇಲ್ಲಿದ್ರೆ ಇವರ ಬದಲು ನಾನು ಒಳಗೆ ಹೋಗ್ತೀನಿ ದೊಡ್ಡಮ್ಮ.”

ಲಾರಿ ಬಂದ ದಿನ ದೊಡ್ಡಮ್ಮ ಒಗೆದ ಬಟ್ಟೆಗಳ ಕಟ್ಟು ತಂದುಕೊಟ್ಟಳು. ಸಾಮಾನಿನ ನಡುವೆ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದ ಗೂಳಿ ಎಡಗೈಯಲ್ಲಿ ಆ ಕಟ್ಟು ಈಸಿಕೊಂಡು ತೊಡೆಯ ಮೇಲಿಟ್ಟುಕೊಂಡ. ಮುಂದಿನ ಹಲ್ಲುಗಳಿಲ್ಲದ ಬಾಯಿ ಮುದುಕನದಾಗಿತ್ತು. ಎಂಜಿನ್ನು ಶುರುವಾಯಿತು. ಅವಳು ಹಿಂದೆ ಸರಿಯುವಷ್ಟರಲ್ಲಿ ಅವನು ಬಗ್ಗಿ, ಹೆಂಡತಿಗೆ ಕೇಳಿಸದ ಹಾಗೆ, ಮುಖ ನೋಡದೆ ಕೇಳಿದ.

“ದೊಡ್ಡಮ್ಮ, ನಾನು ಮುಖ ಅಡಿಯಾಗಿ ಬಿದ್ದಿದ್ದೆ, ನಂಗೆ ಕಾಣ್ಲಿಲ್ಲ. ನಕ್ಕಿದ್ದು ಮೇಸ್ತ್ರಿ ಒಬ್ಬನೇನಾ, ಅಥವಾ ನಮ್ಮವರೆಲ್ಲ ನಕ್ಕರಾ?”